ಹಾಗೇ ಇರ್ಲಿ, ಹಾಗೇ ಆಗ್ಲಿ

ಮಾರ್ಚ್ 4, ಸೋಮವಾರ

ಯೆನ್‌ಗೆ ಚಿಲ್ಲರೆಯೇ ಇಲ್ಲವಂತೆ. ಇವತ್ತು ಗೊತ್ತಾಯಿತು. ಜಪಾನಿನ ಕ್ಲೈಂಟ್‌ಗೆ ಹೋದ ವಾರ ಕಳಿಸಿದ ಬಿಲ್ಲಿನ ಕೊನೆಯಲ್ಲಿ ಅರ್ಧ ಯೆನ್ ಇತ್ತು. ಬಹಳ ಮರ್ಯಾದೆಯಿಂದ ಉತ್ತರ ಬರೆದಿದ್ದಾರೆ — ದಯವಿಟ್ಟು ಆ ಅರ್ಧವನ್ನು ಹೇಗೆ ಪಾವತಿಸಬೇಕೆಂದು ತಿಳಿಸಿ. ನಗಬೇಕೋ ಅಳಬೇಕೋ ತಿಳಿಯದೆ ಕ್ಷಮಾಪಣೆ ಬರೆದೆ.

ನಮ್ಮ ವಕೀಲರ ಆಫೀಸಿನ ಲೆಕ್ಕಕ್ಕೆ ಹೊಸ ಸಾಫ್ಟ್‌ವೇರ್ ಬಂದು ಮೂರನೇ ವಾರ. ಹಳೆಯದರಲ್ಲಿ ಸುಖವಿತ್ತು. ವಿದೇಶಿ ಬಿಲ್ಲು ಅಂದರೆ ಬೆಳಗಿನ ರೇಟು ನೋಡು, ಕ್ಯಾಲ್ಕುಲೇಟರ್ ಒತ್ತು, ಸರ್ ಹತ್ತಿರ ಸಹಿ ಹಾಕಿಸು. ಈಗ ಕೇಸು ಅನ್ನುವ ಹಾಗೂ ಇಲ್ಲ, 'ಮ್ಯಾಟರ್' ಅನ್ನಬೇಕು. ಪ್ರತಿ ಮ್ಯಾಟರ್‌ಗೂ ಒಂದು ಕರೆನ್ಸಿ, ಬಿಲ್ಲಿಗೆ ಇನ್ನೊಂದು, ನಮ್ಮ ಲೆಕ್ಕಕ್ಕೆ ಮತ್ತೊಂದು. ಬಿಲ್ಲಿನ ದಿನದ ರೇಟು ಬೀಗ ಹಾಕಿಕೊಂಡು ಕೂರುತ್ತದೆ. ಕ್ಲೈಂಟ್ ಎರಡು ತಿಂಗಳ ಮೇಲೆ ದುಡ್ಡು ಕೊಟ್ಟರೆ ನಡುವಿನ ವ್ಯತ್ಯಾಸವನ್ನು ಅದೇ ಬರೆದುಕೊಳ್ಳುತ್ತದೆ. ಲಾಭವಾದರೆ ಸುಮ್ಮನಿರುತ್ತದೆ. ನಷ್ಟವಾದರೆ ಕೆಂಪು ಅಕ್ಷರದಲ್ಲಿ ಊರಿಗೆಲ್ಲ ಸಾರುತ್ತದೆ.

ವಿಡಿಯೋ ಕಾಲಿನಲ್ಲಿ ಟ್ರೇನಿಂಗ್ ಕೊಡುವ ಹುಡುಗಿಗೆ ಎಲ್ಲವೂ "ಸಿಂಪಲ್ ಮೇಡಂ". ನಮ್ಮ ಮನೆಯಲ್ಲಿ ಅವಳ ಹೆಸರೇ ಸಿಂಪಲ್ ಎಂದಾಗಿದೆ. ಇವತ್ತು ಅರ್ಧ ಗಂಟೆ ಏನೋ ಹೇಳಿದಳು. ಹೂಂ ಹೂಂ ಅಂದೆ. ಬಾಯಿಗೂ ಧ್ವನಿಗೂ ತಾಳೆ ಇಲ್ಲ ಆ ವಿಡಿಯೋದಲ್ಲಿ.

ಸರ್ ತಮ್ಮ ಕೋಣೆಯಿಂದ ಎರಡು ಸಲ ಕರೆದರಂತೆ. ಬಾಗಿಲು ಮುಚ್ಚಿತ್ತು. ಕೇಳಿಸಲಿಲ್ಲ. ಕೊನೆಗೆ ಅವರೇ ಎದ್ದು ಬಂದು ನಿಂತು, "ಏನ್ ಮೇಡಂ, ಧ್ಯಾನ ಮಾಡ್ತಿದ್ರಾ?" ಅಂದರು.

"ಫ್ಯಾನ್ ಸದ್ದು ಸರ್" ಅಂದೆ. ಫ್ಯಾನ್ ಆಫ್ ಆಗಿತ್ತು.

ಮಾರ್ಚ್ 5, ಮಂಗಳವಾರ

ಹಡಗಿನ ಕುಕ್ ದುಡ್ಡು ಬಂತು! ಮೂವತ್ತೆಂಟು ಸಾವಿರ ಯೂರೋ!

ಪಾಪದ ಮನುಷ್ಯ. ಹಡಗಿನ ಅಡುಗೆಮನೆಯಲ್ಲಿ ಸಿಲಿಂಡರ್ ಸಿಡಿದು ಎರಡೂ ಕಿವಿ ಹೋದವು. ಕಂಪನಿಯವರು ಪರಿಹಾರ ಕೊಡದೆ ಎರಡು ವರ್ಷ ಸತಾಯಿಸಿದರು. ನಮ್ಮ ಸರ್ ಬಿಡಲಿಲ್ಲ. ಈ ದುಡ್ಡಿನಲ್ಲಿ ಹೊರದೇಶದ ಆಸ್ಪತ್ರೆಯೊಂದರಲ್ಲಿ ಕಿವಿಯೊಳಗೆ ಯಂತ್ರ ಕೂರಿಸುತ್ತಾರಂತೆ. ಆಸ್ಪತ್ರೆಗೆ ಪೂರ್ತಿ ಮೂವತ್ತೆಂಟು ಸಾವಿರ, ಒಂದೇ ಕಂತು, ಯೂರೋದಲ್ಲೇ, ಈ ತಿಂಗಳು 20ರೊಳಗೆ. ತಪ್ಪಿದರೆ ಸರದಿ ಮುಂದಿನ ವರ್ಷಕ್ಕೆ. ತಡವಾದಷ್ಟೂ ಯಂತ್ರ ಹಿಡಿಯುವುದು ಕಷ್ಟ ಎಂದು ಡಾಕ್ಟರ್ ಬರೆದ ಕಾಗದ ಫೈಲಿನಲ್ಲಿದೆ.

ದುಡ್ಡು ಬಂದದ್ದು ನಮ್ಮ ಕ್ಲೈಂಟ್ ಖಾತೆಗೆ. ನಮ್ಮ ಹೆಸರಲ್ಲಿದ್ದರೂ ನಮ್ಮದಲ್ಲದ ದುಡ್ಡು ಅದು, ಕಾಯುವುದಷ್ಟೇ ನಮ್ಮ ಕೆಲಸ.

ಹನ್ನೊಂದಕ್ಕೆ ಬ್ಯಾಂಕಿನ ವಿದೇಶಿ ಕೌಂಟರಿನ ಮೇಡಂ ಫೋನ್. "ಯೂರೋ ಬಂದಿದೆ ಮೇಡಂ. ನಮ್ಮ ಹಣಕ್ಕೆ ಬದಲಾಯಿಸ್ಬಿಡ್ಲಾ? ಇವತ್ತು ರೇಟ್ ಚೆನ್ನಾಗಿದೆ."

ಒಂದು ನಿಮಿಷ ಅಂದು, ಮೊಬೈಲಿನಲ್ಲಿ ಸರ್‌ಗೆ ಹಚ್ಚಿದೆ. ಕೋರ್ಟಿನ ಮೆಟ್ಟಿಲ ಮೇಲಿದ್ದರು, ಸುತ್ತ ಗಲಾಟೆ, ಬಾಯಲ್ಲಿ ಕೆಮ್ಮಿನ ಗುಳಿಗೆ ಬೇರೆ. "ಸರ್, ಯೂರೋನ ನಮ್ಮ ಹಣಕ್ಕೆ ಬದಲಾಯಿಸ್ಲಾ ಅಂತ ಕೇಳ್ತಿದಾರೆ. ಏನ್ ಹೇಳ್ಲಿ?"

"ಹಾಗೇ ಆಗ್ಲಿ" ಅಂದರು.

ಈಚೆ ಫೋನಿನಲ್ಲಿ, "ಹಾಗೇ ಆಗ್ಲಿ ಅಂತೆ ಮೇಡಂ" ಅಂದೆ. "ಸರಿ ಸರಿ" ಅಂದರು. ಸಾಫ್ಟ್‌ವೇರ್‌ನಲ್ಲಿ ಜಮಾ ಮಾಡುವಾಗ ಅದೂ ಕೇಳಿತು — ಬದಲಾಯಿಸಲೇ? ಹೌದು, ಇಲ್ಲ. ಹೌದು ಒತ್ತಿದೆ.

ಆಸ್ಪತ್ರೆಗೆ ಯೂರೋನೇ ಬೇಕಲ್ಲ ಎಂದು ಒಂದು ಕ್ಷಣ ಅನ್ನಿಸಿದ್ದು ಹೌದು. ರೇಟು ಇಳಿಯುತ್ತದೆ, ಆಮೇಲೆ ಕೊಂಡರಾಯಿತು ಎಂಬ ಲೆಕ್ಕ ಸರ್‌ಗೆ ಇದ್ದೀತು. ಮತ್ತೆ ಕೇಳಬಹುದಿತ್ತು. ಆದರೆ ಇತ್ತೀಚೆಗೆ "ಇನ್ನೊಂದ್ ಸಲ ಹೇಳಿ ಸರ್" ಎನ್ನುವುದು ತೀರಾ ಹೆಚ್ಚಾಗಿದೆ.

ಮಾರ್ಚ್ 8, ಶುಕ್ರವಾರ

ಕುಕ್ ಮತ್ತು ಅವರ ಹೆಂಡತಿ ಬಂದಿದ್ದರು. ಪಾಸ್‌ಪೋರ್ಟ್ ನಕಲು ಕೊಡಲು. ಸರ್ ಇರಲಿಲ್ಲ, ಪಕ್ಕದೂರಿನ ಕೋರ್ಟಿನಲ್ಲಿ ವಾರವಿಡೀ ಕೆಲಸ.

ಎತ್ತರದ ಮನುಷ್ಯ. ತುಂಬಾ ಗಟ್ಟಿಯಾಗಿ ಮಾತಾಡುತ್ತಾರೆ, ನಮ್ಮ ಗಾಜಿನ ಬೀರು ಅದುರುತ್ತದೆ. ನನಗೆ ಅವರ ಮಾತು ಬಹಳ ಹಿತ, ಒಂದಕ್ಷರವೂ ತಪ್ಪುವುದಿಲ್ಲ. ಎದುರಿನವರ ತುಟಿ ನೋಡಿಕೊಂಡು ಅರ್ಥ ಮಾಡಿಕೊಳ್ಳುತ್ತಾರೆ. ಸಿಗದಿದ್ದರೆ ಹೆಂಡತಿ ಮೊಬೈಲಿನಲ್ಲಿ ಬರೆದು ತೋರಿಸುತ್ತಾರೆ.

"ಇವಳು ಬೈಯೋದನ್ನ ಮಾತ್ರ ಬರೆದು ತೋರಿಸಲ್ಲ ಮೇಡಂ" ಅಂದರು. "ಮುಖ ನೋಡಿದ್ರೇ ಗೊತ್ತಾಗುತ್ತೆ ಅಂತಾಳೆ."

ಹೆಂಡತಿ ನಗಲಿಲ್ಲ. ನನ್ನ ಕೈ ಹಿಡಿದು, "ದುಡ್ಡು ಇದೆಯಲ್ವಾ ಮೇಡಂ? ಪೂರ್ತಿ?" ಅಂದರು.

"ಭದ್ರವಾಗಿದೆ" ಅಂದೆ.

ಹೊರಡುವಾಗ ಕುಕ್ ನನ್ನನ್ನೇ ಒಂದು ಗಳಿಗೆ ನೋಡಿದರು. ಆಮೇಲೆ, ಅವರ ಮಟ್ಟಿಗೆ ಮೆಲ್ಲಗೆ, "ಮೇಡಂ, ನೀವೂ ಎಲ್ಲರ ಬಾಯೇ ನೋಡ್ತೀರಲ್ಲ. ನನಗಾದ್ರೆ ಸಿಲಿಂಡರ್ ಸಿಡೀತು. ನಿಮಗೇನಾಯ್ತು?"

ಏನೂ ಇಲ್ಲ, ಅಭ್ಯಾಸ, ಅಂದೆ. ಕಳ್ಳನಿಗೆ ಕಳ್ಳನ ಜಾಡು ಬೇಗ ಸಿಗುತ್ತದೆ.

ಮಾರ್ಚ್ 10, ಭಾನುವಾರ

ಮಗಳು ಹೊಸ ಆಟ ಹಿಡಿದಿದ್ದಾಳೆ. ನನ್ನ ಬೆನ್ನ ಹಿಂದೆ ನಿಂತು ಏನೋ ಪಿಸುಗುಟ್ಟಿ, ನಾನು ತಿರುಗದಿದ್ದರೆ ಅಪ್ಪನ ಕಡೆ ನೋಡಿ ತಲೆ ಆಡಿಸುವುದು. "ಅಮ್ಮನ ಕಿವಿಗೆ ಅಪ್‌ಡೇಟ್ ಬಂದಿಲ್ಲಪ್ಪಾ."

ಇವರಿಗೆ ಮೋಟರ್ ವೈಂಡಿಂಗ್ ಅಂಗಡಿ. ಸದ್ದು ಕೇಳಿಯೇ ಯಾವ ಮೋಟರಿಗೆ ಯಾವ ಕಾಯಿಲೆ ಎಂದು ಹೇಳುವವರು. "ನಿನ್ ಎಡಗಡೆ ಬೇರಿಂಗ್ ಹೋಗಿದೆ ಕಣೇ" ಅಂದರು. "ಹೋಗಿ ಒಂದ್ಸಲ ತೋರಿಸ್ಕೊಂಡ್ ಬಾ. ಎಷ್ಟು ಸಲ ಹೇಳೋದು?"

ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಡೋಣವೆಂದರೆ ನನಗೆ ಆ ಸೌಕರ್ಯವೂ ಇಲ್ಲ.

ನಲವತ್ತಾರಕ್ಕೇ ಕಿವಿಗೆ ಯಂತ್ರ ಸಿಕ್ಕಿಸಿಕೊಂಡು ಆಫೀಸಿಗೆ ಹೋಗುವುದೇ? ಫೋನಿನ ಕೆಲಸ ನನ್ನದು. ಕೆಲಸ ಬಿಡಿಸಿ ಮನೆಗೆ ಕಳಿಸಿದರೆ...

ಮಾರ್ಚ್ 15, ಶುಕ್ರವಾರ

ಬರೆಯುವ ಮನಸ್ಸಿಲ್ಲ. ಆದರೂ ಬರೆಯುತ್ತೇನೆ.

ಸರ್ ವಾಪಸ್ ಬಂದರು. ಮೂರು ಗಂಟೆಗೆ ನನ್ನ ಮೇಜಿನ ಎಡಪಕ್ಕಕ್ಕೆ ನಿಂತು ಏನೋ ಕೇಳಿದರು. ಹೂಂ ಸರ್, ಅಂದೆ. "ಹಾಗಾದ್ರೆ ಮಂಗಳವಾರ ಆಸ್ಪತ್ರೆಗೆ ಕಳಿಸೋದಕ್ಕೆ ಇವತ್ತೇ ಎಲ್ಲಾ ರೆಡಿ ಮಾಡಿ" ಎಂದು ಒಳಗೆ ಹೋದರು. ಇದು ಕೇಳಿಸಿತು, ಬಲಕ್ಕೆ ಬಂದಿದ್ದರು.

ಸಾಫ್ಟ್‌ವೇರ್ ತೆರೆದು ಪಾವತಿ ಹಾಕಿದೆ. 38,000 ಯೂರೋ. ಪರದೆಯ ಮೇಲೆ ಕೆಂಪು ಪೆಟ್ಟಿಗೆ — ಖಾತೆಯಲ್ಲಿ ಸಾಕಷ್ಟು ಹಣವಿಲ್ಲ. 2,140 ಯೂರೋ ಕೊರತೆ.

ಹತ್ತು ದಿನದಲ್ಲಿ ಯೂರೋ ಏರಿದೆ. ನಮ್ಮ ಹಣಕ್ಕೆ ಬದಲಾಯಿಸಿದಾಗ ಬ್ಯಾಂಕಿನ ಕೊಳ್ಳುವ ರೇಟು, ಈಗ ಯೂರೋ ತೆಗೆಯಲು ಮಾರುವ ರೇಟು. ಹೋಗುವಾಗಲೂ ಸುಂಕ, ಬರುವಾಗಲೂ ಸುಂಕ.

ಸರ್ ಬಾಗಿಲಲ್ಲಿ ಕಂಡರು. ಏನೂ ತಿಳಿಯದವಳ ಹಾಗೆ ಕೇಳಿದೆ, "ಸರ್, ಆಗ ಏನ್ ಕೇಳಿದ್ರಿ?"

"ಯೂರೋ ಯೂರೋ ಆಗೇ ಇದೆಯಲ್ವಾ ಅಂತ ಕೇಳಿದೆ. ನೀವು ಹೂಂ ಅಂದ್ರಿ. ಅವತ್ತೇ ಹೇಳಿದ್ದೆನಲ್ಲ, ಹಾಗೇ ಇರ್ಲಿ ಅಂತ."

ಇರ್ಲಿ.

ಆಗ್ಲಿ ಅಲ್ಲ. ಇರ್ಲಿ.

ಮತ್ತೆ ಹೂಂ ಅಂದುಬಿಟ್ಟೆ. ಈ ಹೂಂ ನನ್ನನ್ನು ತಿನ್ನುತ್ತದೆ ಒಂದು ದಿನ.

ಬ್ಯಾಂಕಿನ ವಿದೇಶಿ ಕೌಂಟರ್ ಎರಡಕ್ಕೆ ಮುಚ್ಚುತ್ತದೆ. ಶನಿವಾರ, ಭಾನುವಾರ ಇಲ್ಲ. ಸೋಮವಾರ ಬ್ಯಾಂಕಿಗೆ ರಜೆ. ಸಾಫ್ಟ್‌ವೇರ್ ತೋರಿಸುವುದು ನಾನು ಒತ್ತಿದ ಲೆಕ್ಕವನ್ನಷ್ಟೇ. ಬ್ಯಾಂಕಿನ ಖಾತೆಯನ್ನು ಕಂಪ್ಯೂಟರ್‌ನಲ್ಲಿ ನೋಡುವ ಏರ್ಪಾಡೂ ಇಲ್ಲ, ತಿಂಗಳ ಕೊನೆಗೆ ಕಾಗದದಲ್ಲಿ ಬರುತ್ತದೆ. ನೋಡಿ ತಿಳಿಯುವುದಾದರೂ ಏನು? ಬದಲಾಯಿಸಿ ಎಂದವಳು ನಾನೇ.

ಮಾರ್ಚ್ 16, ಶನಿವಾರ

ಅನ್ನ ಸೀದುಹೋಯಿತು. ಮಗಳಿಗೆ ಸುಮ್ಮನೆ ಗದರಿದೆ.

ಸಂಜೆ ಇವರ ಅಂಗಡಿಗೆ ಹೋಗಿ ಸ್ಟೂಲಿನ ಮೇಲೆ ಕೂತು ಎಲ್ಲ ಹೇಳಿಬಿಟ್ಟೆ. ತಾಮ್ರದ ತಂತಿ ಸುತ್ತುವ ಕೈ ನಿಂತಿತು. ಸಿಟ್ಟು ಮಾಡಿಕೊಳ್ಳುತ್ತಾರೆ ಅಂದುಕೊಂಡಿದ್ದೆ. ಮಾಡಿಕೊಳ್ಳಲಿಲ್ಲ.

"ಕಡಿಮೆ ಬಿದ್ದಿದ್ದು ಎಷ್ಟು, ನಮ್ಮ ಲೆಕ್ಕದಲ್ಲಿ?"

ಹೇಳಿದೆ.

"ಡೆಪಾಸಿಟ್ ಮುರಿಸೋಣ. ಆಸ್ಪತ್ರೆಗೆ ದುಡ್ಡು ಹೋಗ್ಲಿ ಮೊದ್ಲು. ಆಮೇಲೆ ಉಳಿದಿದ್ದು."

"ಅದು ಮಗಳ ಓದಿಗೆ ಇಟ್ಟಿದ್ದು."

"ಅವಳಿಗೆ ಕಿವಿ ಇದೆಯಲ್ಲ, ಹೇಗೋ ಓದ್ತಾಳೆ. ಆ ಮನುಷ್ಯನಿಗೆ ಬೇಕು ಈಗ." ಮತ್ತೆ ತಂತಿ ಕೈಗೆತ್ತಿಕೊಂಡು, "ಆದ್ರೆ ನಿಮ್ ಸಾಹೇಬ್ರಿಗೆ ಹೇಳ್ಬೇಕು ನೀನು. ಸೋಮವಾರ. ಹೇಳ್ದೆ ದುಡ್ಡು ತುಂಬಿದ್ರೆ ಅದೂ ಒಂದು ಕಳ್ಳತನಾನೇ."

ಅಂಗಡಿಯಲ್ಲೇ ಅತ್ತೆ. ಇವರು ಒಂದು ಫ್ಯಾನ್ ಚಾಲೂ ಮಾಡಿ ನನ್ನ ಕಡೆ ತಿರುಗಿಸಿದರು. ಅವರಿಗೆ ಸಮಾಧಾನ ಮಾಡಲು ಬರುವ ರೀತಿ ಅದೊಂದೇ.

ಮಾರ್ಚ್ 18, ಸೋಮವಾರ

ಹೇಳಿದೆ.

ಬಾಗಿಲು ಮುಚ್ಚಿ, ಅವರ ಎದುರು, ಬಾಯಿ ಕಾಣುವ ಹಾಗೆ ಕೂತು. ಆಗ್ಲಿ ಅಂತ ಕೇಳಿಸಿತು ಸರ್. ಶುಕ್ರವಾರದ ಹೂಂ ಕೂಡ ಸುಳ್ಳು. ನನಗೆ ಎಡಗಿವಿ ಕೇಳುವುದಿಲ್ಲ. ಒಂದು ವರ್ಷ ಮೇಲಾಯಿತು.

ಸರ್ ಕನ್ನಡಕ ತೆಗೆದು ಒರೆಸಿದರು. ಒರೆಸುತ್ತಲೇ ಇದ್ದರು.

"ಕ್ಲೈಂಟ್ ದುಡ್ಡು ಮೇಡಂ ಅದು. ಒಂದು ಯೂರೋ ಕಡಿಮೆಯಾದ್ರೂ ನಾನು ವಕೀಲರ ಮಂಡಳಿಗೆ ಬರೆದು ಕೊಡ್ಬೇಕು. ನನ್ನ ಸನ್ನದು ಹೋಗ್ಬಹುದು. ಅದೂ ಇರ್ಲಿ..." ಅಂದವರು ತಟ್ಟನೆ ನಿಂತರು. ಇರ್ಲಿ ಎಂಬ ಮಾತು ಬಾಯಿಂದ ಬಂದದ್ದಕ್ಕೆ ಇಬ್ಬರಿಗೂ ಒಂಥರಾ ಆಯಿತು. "ಅವರ ಸರದಿ ತಪ್ಪಬಾರದು."

ಕಡಿಮೆ ಬಿದ್ದದ್ದನ್ನು ನಾನು ತರುತ್ತೇನೆ ಅಂದೆ. "ನಿಮ್ಮ ಹತ್ರ ಇಸ್ಕೊಳ್ಳಲ್ಲ. ಗುಳಿಗೆ ಬಾಯಲ್ಲಿಟ್ಕೊಂಡು ಮಾತಾಡಿದ್ದು ನಾನು" ಅಂದರು. "ನಾಳೆ ಬ್ಯಾಂಕಿಗೆ ಹೋಗಿ. ಅವತ್ತಿನ ರೇಟಿಗೇ ವಾಪಸ್ ಮಾಡೋಕೆ ಸಾಧ್ಯನಾ ಕೇಳಿ. ಆಗಲ್ಲ ಅಂದ್ರೆ ಆಫೀಸಿನ ದುಡ್ಡಿಂದ ತುಂಬಿ, ಆಸ್ಪತ್ರೆಗೆ ಎರಡರೊಳಗೆ ಕಳಿಸಿ. ಮಂಡಳಿಗೆ ನಾನು ಬರೀತೀನಿ."

ಬೈದಿದ್ದರೆ ಚೆನ್ನಾಗಿತ್ತು. ಆಫೀಸಿನಲ್ಲಿ ದುಡ್ಡು ಎಷ್ಟಿದೆ ಎಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಬಾಡಿಗೆ ಕೊಟ್ಟರೆ ಸಂಬಳವಿಲ್ಲ, ಸಂಬಳ ಕೊಟ್ಟರೆ ಬಾಡಿಗೆಯಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಇಲ್ಲಿ ಆಡಿದವರದು ಸರಿಯಾಗಿಯೇ ಇತ್ತು, ಕೇಳಿದವಳಿಂದ ಹೋಯಿತು.

ಮಾರ್ಚ್ 19, ಮಂಗಳವಾರ. ಮಧ್ಯಾಹ್ನ, ಬ್ಯಾಂಕಿನ ಹೊರಗಿನ ಬೆಂಚು

ಇಲ್ಲೇ ಬರೆಯುತ್ತೇನೆ. ಮನೆಗೆ ಹೋಗುವವರೆಗೆ ತಡೆಯಲು ಆಗುವುದಿಲ್ಲ.

ಬಾಗಿಲು ತೆರೆಯುವ ಮೊದಲೇ ನಿಂತಿದ್ದೆ. ಮೊದಲ ಟೋಕನ್. ವಿದೇಶಿ ಕೌಂಟರಿನಲ್ಲಿ ದಪ್ಪ ಗಾಜು, ಗಾಜಿನಲ್ಲಿ ಬಳೆಯಷ್ಟಗಲದ ತೂತು. ಆ ತೂತಿನಿಂದ ಬರುವ ಮಾತು ಹೇಗೂ ನನಗೆ ಮುಟ್ಟುವುದಿಲ್ಲ. ಮೇಡಂ ಪೆನ್ಸಿಲ್ ಕೆತ್ತುತ್ತಿದ್ದರು. ಫೋನಿನಲ್ಲಿ ಹತ್ತು ವರ್ಷದ ಪರಿಚಯ, ಎದುರಿಗೆ ನೋಡಿದ್ದು ಮೂರೋ ನಾಲ್ಕೋ ಸಲ.

ಕೇಸಿನ ನಂಬರ್ ಹೇಳಿದೆ. ಐದನೇ ತಾರೀಖು ಬಂದ ಯೂರೋ ಅಂದೆ. ಅವರು ಟೈಪ್ ಮಾಡಿ, ಪರದೆ ನೋಡಿ, ಏನೋ ಅಂದರು.

ಹೂಂ ಎನ್ನಲು ಬಾಯಿ ತೆರೆದೆ. ತೆರೆದವಳು ಮುಚ್ಚಿದೆ. "ಕೇಳಿಸ್ಲಿಲ್ಲ ಮೇಡಂ. ನನಗೆ ಕಿವಿ ಸ್ವಲ್ಪ ಕಮ್ಮಿ. ಇನ್ನೊಂದ್ ಸಲ ಹೇಳಿ."

ಅವರು ತೂತಿನ ಹತ್ತಿರ ಬಗ್ಗಿದರು. "ಹಾಗೇ ಇದೆ ಅಂದೆ."

"ಹಾಗೇ ಅಂದ್ರೆ?"

"ಹಾಗೇ ಅಂದ್ರೆ ಹಾಗೇ!"

"ಹಾಗೇ ಅಂದ್ರೆ ಹೇಗೆ ಮೇಡಂ? ಯೂರೋನಾ, ನಮ್ಮ ಹಣನಾ?"

ಅವರು ನನ್ನ ಮುಖ ನೋಡಿದರು. ಪರದೆಯನ್ನು ಪೂರ್ತಿ ನನ್ನ ಕಡೆ ತಿರುಗಿಸಿದರು. 38,000.00. ಪಕ್ಕದಲ್ಲಿ ಯೂರೋ ಗುರುತು.

ಕಣ್ಣು ಕೂಡ ಕೈಕೊಟ್ಟಿತೇನೋ ಎಂದು ಇನ್ನೊಮ್ಮೆ ನೋಡಿದೆ. ಅದೇ. "ನೀವು ಬದಲಾಯಿಸ್ಲಿಲ್ವಾ?" ಅಂದೆ.

ಈಗ ಅವರ ಮುಖ ಬಿಳಿಚಿತು. ಪೆನ್ಸಿಲ್ ಕೆಳಗಿಟ್ಟರು. "ನೀವು ಹಾಗೇ ಇರ್ಲಿ ಅಂದ್ರಲ್ಲ ಮೇಡಂ ಅವತ್ತು? ಬದಲಾಯಿಸ್ಬೇಕಿತ್ತಾ? ಅಯ್ಯೋ ದೇವ್ರೇ... ರೇಟ್ ಬೇರೆ..."

"ನಾನು ಆಗ್ಲಿ ಅಂದಿದ್ದೆ."

"ನನಗೆ ಇರ್ಲಿ ಅಂತ ಕೇಳಿಸ್ತು! ನಾನು ಈಗ ಮೇಲಿನವ್ರಿಗೆ ಏನ್ ಹೇಳ್ಲಿ..." ಅವರ ಕಣ್ಣಲ್ಲಿ ನೀರು.

ನಾನು ನಗತೊಡಗಿದೆ. ನಗು ಅಳುವಾಯಿತು. ಟೋಕನ್ ಕೊಡುವ ಗಾರ್ಡ್ ಎದ್ದು ಬಂದ. ಗಾಜಿನ ತೂತಿನಲ್ಲಿ ಕೈ ತೂರಿಸಿ ಅವರ ಬೆರಳು ಹಿಡಿದುಕೊಂಡೆ. "ಮೇಡಂ, ನೀವು ತಪ್ಪು ಕೇಳಿಸ್ಕೊಂಡಿದ್ದೇ ಸರಿ! ನಮ್ಮ ಸಾಹೇಬ್ರು ಹೇಳಿದ್ದೇ ಇರ್ಲಿ ಅಂತ. ತಪ್ಪು ಕೇಳಿಸ್ಕೊಂಡಿದ್ದು ನಾನು. ನಿಮಗೆ ಪುಣ್ಯ ಬರ್ಲಿ!"

ಅರ್ಥವಾಗಲು ಅವರಿಗೆ ಸ್ವಲ್ಪ ಹೊತ್ತು ಹಿಡಿಯಿತು. ನಾನು ತಪ್ಪಾಗಿ ಕೇಳಿ ತಪ್ಪಾಗಿ ಹೇಳಿದೆ. ಅವರು ತಪ್ಪಾಗಿ ಕೇಳಿ ಸರಿಯಾಗಿ ಮಾಡಿದರು. ಆಮೇಲೆ ಅವರೂ ನಕ್ಕರು, ಮೇಜಿನ ಮೇಲೆ ತಲೆಯಿಟ್ಟು.

"ಬೇಜಾರ್ ಮಾಡ್ಕೋಬೇಡಿ, ಒಂದ್ ಮಾತು ಹೇಳ್ತೀನಿ" ಅಂದರು ಕಣ್ಣೊರೆಸಿಕೊಂಡು. "ನೀವು ಫೋನಲ್ಲಿ ಬಹಳ ಜೋರಾಗಿ ಮಾತಾಡ್ತೀರಾ. ನಾನು ಯಾವಾಗ್ಲೂ ರಿಸೀವರ್ ಒಂದು ಮೊಳ ದೂರ ಹಿಡ್ಕೊಂಡಿರ್ತೀನಿ. ಅದಕ್ಕೇ ಸರಿಯಾಗಿ ಕೇಳಿಸಿಲ್ಲ."

ಕೆಡಿಸಿದ್ದೂ ನನ್ನ ಕಿವಿಯೇ, ಉಳಿಸಿದ್ದೂ ನನ್ನ ಕಿವಿಯೇ. ಕೇಳದ ಕಿವಿಯಿಂದಲ್ಲವೇ ನಾನು ಕಿರುಚುವುದು?

ಆಸ್ಪತ್ರೆಗೆ ದುಡ್ಡು ಕಳಿಸಿದ್ದಾಯಿತು. ಮೂವತ್ತೆಂಟು ಸಾವಿರವೂ. ರಸೀದಿ ಕೈಯಲ್ಲಿದೆ. ಸರ್‌ಗೆ ಮೆಸೇಜ್ ಟೈಪ್ ಮಾಡಿದೆ — "ಯೂರೋ ಹಾಗೇ ಇದೆ." ಅಳಿಸಿದೆ. ಮತ್ತೆ ಟೈಪ್ ಮಾಡಿದೆ — "ಯೂರೋ ಯೂರೋ ಆಗಿಯೇ ಇತ್ತು. ಬದಲಾಯಿಸಿರಲಿಲ್ಲ. ಪೂರ್ತಿ ಕಳಿಸಿದ್ದೇನೆ."

ಹೋದ ಜೀವ ಬಂತು. ಹಸಿವಾಗುತ್ತಿದೆ, ಶುಕ್ರವಾರದಿಂದ ಮೊದಲ ಸಲ.

ಮಾರ್ಚ್ 20, ಬುಧವಾರ

ಬ್ಯಾಂಕಿನಲ್ಲಿ ಸರಿಯಿದೆ, ಆದರೆ ಸಾಫ್ಟ್‌ವೇರ್ ಇನ್ನೂ ಕೆಂಪಾಗಿ ಕೂತಿದೆ. ನಾನು ಒತ್ತಿದ ಆ 'ಹೌದು' ಅಳಿಸಲು ಬರುವುದಿಲ್ಲ. ಉಲ್ಟಾ ಎಂಟ್ರಿ ಹಾಕಬೇಕು, ಅದೇ ತಾರೀಖು, ಅದೇ ರೇಟು, ಕಾರಣ ಬರೆಯಬೇಕು, ಸರ್ ಪಾಸ್‌ವರ್ಡ್ ಹಾಕಬೇಕು. ಸಿಂಪಲ್‌ಗೆ ವಿಡಿಯೋದಲ್ಲಿ ಪೂರ್ತಿ ಕಥೆ ಹೇಳಿದೆ. ಬಾಯಿ ತೆರೆದು ಕೂತಳು.

"ಇದು... ಸಿಂಪಲ್ ಅಲ್ಲ ಮೇಡಂ" ಅಂದಳು. ಮೊಟ್ಟಮೊದಲ ಸಲ!

ಕಾರಣದ ಜಾಗದಲ್ಲಿ ಏನು ಬರೆಯುವುದು? 'ಗುಳಿಗೆ' ಎಂದು ಬರೆಯಿರಿ ಅಂದರು ಸರ್. ಕೊನೆಗೆ 'ಸೂಚನೆ ತಪ್ಪಾಗಿ ಕೇಳಿಸಿದ್ದು' ಎಂದು ಬರೆದೆ. ಒತ್ತಿದೆ. ಕೆಂಪು ಕಪ್ಪಾಯಿತು. ನಷ್ಟದ ಸಾಲು ಹೋಯಿತು.

ಇನ್ನು ಮೇಲೆ ಕರೆನ್ಸಿ ಬದಲಾಯಿಸುವುದು ಬಾಯಿಮಾತಿನಲ್ಲಿ ಇಲ್ಲ. ಸಾಫ್ಟ್‌ವೇರ್‌ನಲ್ಲಿ ನಾನು ಕೇಳಬೇಕು, ಸರ್ ಒಪ್ಪಬೇಕು, ಆ ಕಾಗದ ಬ್ಯಾಂಕಿಗೆ ಹೋಗಬೇಕು. ಆ ಸೌಲಭ್ಯ ಮೊದಲಿಂದಲೂ ಇತ್ತಂತೆ. ಸಿಂಪಲ್ ಮೊದಲ ವಾರವೇ ಹೇಳಿದ್ದಳಂತೆ. ನಾನು ಹೂಂ ಅಂದಿದ್ದೆನಂತೆ.

ಸಂಜೆ ಹೊರಡುವಾಗ ಸರ್ ನನ್ನ ಬಲಕ್ಕೆ ಬಂದು ನಿಂತರು. ಬೇಕೆಂದೇ ಬಲಕ್ಕೆ. "ಕಿವಿ ತೋರಿಸ್ಕೊಳ್ಳಿ ಮೇಡಂ. ರಜೆ ಎಷ್ಟು ಬೇಕಾದ್ರೂ ತಗೊಳ್ಳಿ. ನಿಮ್ಮನ್ನ ಕಳಿಸಿ ನಾನು ಆ ಸಾಫ್ಟ್‌ವೇರ್ ಜೊತೆ ಏಗೋಕಾಗುತ್ತಾ?"

ಒಂದು ವರ್ಷದಿಂದ ಹೊತ್ತು ತಿರುಗಿದ ಭಯ. ಇಷ್ಟೇ ಮಾತಿಗೆ ಇಳಿಯಿತು.

ಏಪ್ರಿಲ್ 6, ಶನಿವಾರ

ಕಿವಿ ಪರೀಕ್ಷೆ. ಇವರೂ ಬಂದಿದ್ದರು, ಮೆಷಿನ್ ನೋಡುವ ಆಸೆಯಿಂದ.

ಪೆಟ್ಟಿಗೆಯಂಥ ಕೋಣೆ. ಹೆಡ್‌ಫೋನ್. ಸದ್ದು ಕೇಳಿದಾಗ ಗುಂಡಿ ಒತ್ತಬೇಕು. ನಾನು ಪರೀಕ್ಷೆಯಲ್ಲಿ ಯಾವತ್ತೂ ಫೇಲಾದವಳಲ್ಲ. ಒತ್ತಿದೆ, ಒತ್ತಿದೆ, ಬಿಡದೆ ಒತ್ತಿದೆ. ಪರೀಕ್ಷೆ ಮಾಡುವವರು ಬಾಗಿಲು ತೆರೆದು, "ಅಮ್ಮಾ, ನಾನಿನ್ನೂ ಶುರುವೇ ಮಾಡಿಲ್ಲ" ಅಂದರು.

ಎಡಗಿವಿ ಬಹಳ ಕೆಳಗೆ. ಬಲವೂ ಇಳಿಯುತ್ತಿದೆ. ನನಗೆ ಆಪರೇಷನ್ ಬೇಡ, ಹೊರಗಿನ ಯಂತ್ರ ಸಾಕು.

ಏಪ್ರಿಲ್ 20, ಶನಿವಾರ

ಯಂತ್ರ ಬಂತು. ಹುರಿಗಡಲೆಯಷ್ಟಿದೆ. ಕೂದಲು ಇಳಿಬಿಟ್ಟರೆ ಕಾಣುವುದೂ ಇಲ್ಲ. ಇದಕ್ಕೆ ಒಂದು ವರ್ಷ ಹೆದರಿ ಸತ್ತೆ.

ಮನೆಯಲ್ಲಿ ಎಷ್ಟು ಸದ್ದು! ಫ್ರಿಜ್ ಗೊಣಗುತ್ತದೆ. ನನ್ನ ಚಪ್ಪಲಿ ಕಿರುಗುಟ್ಟುತ್ತದೆ. ಇವರು ಗಡ್ಡ ಹೆರೆಯುವಾಗ ಗುನುಗುತ್ತಾರೆ. ರಾಗವೂ ಇಲ್ಲ, ತಾಳವೂ ಇಲ್ಲ. ಯಾವಾಗಿನಿಂದ ಅಂದೆ. "ಮೊದ್ಲಿಂದ್ಲೂ" ಅಂದರು. ಬಾಗಿಲಲ್ಲೇ ನಿಂತು ಮುಗಿಯುವವರೆಗೆ ಕೇಳಿದೆ.

ಮಗಳು ಹಿಂದಿನಿಂದ ಪಿಸುಗುಟ್ಟಿದಳು, "ಅಮ್ಮಾ, ದುಡ್ಡು ಕೊಡು." ಕೊಡಲ್ಲ, ಅಂದೆ ತಿರುಗದೆ. ಕುಣಿದಾಡಿಬಿಟ್ಟಳು.

ಕುಕ್ ಅವರ ಹೆಂಡತಿಯಿಂದ ಮೆಸೇಜ್. ಆಪರೇಷನ್ ಆಯಿತಂತೆ. ಯಂತ್ರ ಚಾಲೂ ಮಾಡುವುದು ಗಾಯ ಮಾಗಿದ ಮೇಲೆ.

ಜೂನ್ 14, ಶುಕ್ರವಾರ. ಮಧ್ಯಾಹ್ನ, ಆಫೀಸ್

ಊಟದ ಡಬ್ಬಿ ಪಕ್ಕಕ್ಕಿಟ್ಟು ಬರೆಯುತ್ತಿದ್ದೇನೆ.

ಈಗ ತಾನೇ ಫೋನ್ ಬಂತು. ಹಲೋ ಅಂದೆ. ಆ ಕಡೆ ಉಸಿರು ಕೇಳಿಸಿತು, ಆಮೇಲೆ, "ಮೇಡಂ, ಯಾರು ಹೇಳಿ ನೋಡೋಣ?"

ಆ ದನಿ ಯಾರಿಗೆ ಗೊತ್ತಾಗುವುದಿಲ್ಲ? ಆದರೆ ಈ ಸಲ ಗಾಜಿನ ಬೀರು ಅದುರುವಷ್ಟು ಜೋರಿಲ್ಲ. ಎಲ್ಲರ ಹಾಗೆ ಮಾತಾಡುತ್ತಿದ್ದರು.

"ಹೆಂಡ್ತಿ ಪಕ್ಕದಲ್ಲಿಲ್ಲ" ಅಂದರು. "ಅಂಗಡಿಗೆ ಹೋಗಿದಾಳೆ. ನಾನೊಬ್ಬನೇ ಫೋನ್ ಮಾಡಿರೋದು. ಎಲ್ಲರೂ ಡಬ್ಬದೊಳಗಿಂದ ಮಾತಾಡಿದ ಹಾಗೆ ಕೇಳುತ್ತೆ. ನೀವು ಸ್ವಲ್ಪ ದೊಡ್ಡ ಡಬ್ಬ."

ನಕ್ಕೆ. ಏನು ಮಾತಾಡುವುದು ತಿಳಿಯದೆ ಕೆಲಸದ ಮಾತೇ ಎತ್ತಿದೆ. ನಮ್ಮ ಫೀಸಿನ ಬಿಲ್ಲು ಇನ್ನೂ ಯೂರೋದಲ್ಲೇ ಇದೆ. ಬೇಕೆಂದೇ ಮೆಲ್ಲಗೆ, ತೀರಾ ಮೆಲ್ಲಗೆ ಕೇಳಿದೆ, "ಕೊನೇ ಬಿಲ್ಲು ನಮ್ಮ ಹಣಕ್ಕೆ ಬದಲಾಯಿಸ್ಲಾ?"

ಆ ಕಡೆ ಸುಮ್ಮನಾದರು. ಕೇಳಿಸಲಿಲ್ಲವೇನೋ ಅಂದುಕೊಂಡೆ. ಆಮೇಲೆ ಗೊತ್ತಾಯಿತು, ನಗು ತಡೆಯುತ್ತಿದ್ದರು. ಸರ್ ಅವರಿಗೆ ಎಲ್ಲ ಹೇಳಿಬಿಟ್ಟಿದ್ದಾರೆ.

"ಹಾಗೇ..." ಅಂದರು ರಾಗವಾಗಿ. "ಹಾಗೇ..."

"ಪೂರ್ತಿ ಹೇಳಿ!" ಅಂದೆ.

"ಆಗ್ಲಿ ಮೇಡಂ. ಆಗ್ಲಿ. ಆ, ಗ್, ಲಿ."

ಸ್ಪಷ್ಟವಾಗಿ ಕೇಳಿಸಿತು. ಆದರೂ ಅಂದೆ, "ಇನ್ನೊಂದ್ ಸಲ ಹೇಳಿ." ಹೇಳಿದರು. ಮತ್ತೊಂದು ಸಲವೂ ಹೇಳಿದರು. ಫೋನು ಎಡಗಿವಿಯಲ್ಲಿತ್ತು. ಇಟ್ಟ ಮೇಲೆಯೇ ಅದು ಗಮನಕ್ಕೆ ಬಂದದ್ದು.

ಆದರೂ ಬಾಯಿಮಾತಿನಲ್ಲಿ ಇಲ್ಲ. ಸಾಫ್ಟ್‌ವೇರ್‌ನಲ್ಲಿ ಸರ್ ಒಪ್ಪಿಗೆಗೆ ಕಳಿಸಿದ್ದೇನೆ. ಅದೇ ಇರಬೇಕು — ಸರ್ ಒಳಗಿನಿಂದ ಕರೆಯುತ್ತಿದ್ದಾರೆ. ಒಂದೇ ಸಲ ಕರೆದರು. ಬಾಗಿಲು ಮುಚ್ಚಿದೆ, ಫ್ಯಾನ್ ತಿರುಗುತ್ತಿದೆ, ಆದರೂ ಕೇಳಿಸಿತು. ಹೊರಟೆ.